ರೆಪ್ಪೆಯ ಮೇಲಿನ ಹೊಳಪು, ಬೆಟ್ಟದೊಳಗಿನ ಅಭ್ರಕ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪೂರ್ಣಪಾಠ)



ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನಲ್ಲಿ ಕಿಣ್ಣಿ ಸುಲ್ತಾನ ಎಂಬ ಊರಿದೆ. ಅದು ತೊಗರಿ ಮತ್ತು ಜೋಳದ ಸೀಮೆ. ಅಲ್ಲಿಯ ಕರಿಮಣ್ಣು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸ ಹೆಪ್ಪುಗಟ್ಟಿ ಉಂಟಾದ ಕರಿಕಲ್ಲು ಸವೆದು ಆದ ಮಣ್ಣು. ಅದನ್ನು ಮುಷ್ಟಿಯಲ್ಲಿ ಹಿಡಿದು ಬಿಸಿಲಿಗೊಡ್ಡಿದರೆ ಮಿನುಗುವ ಚಕ್ಕೆ ಕಾಣುವುದು ಅಪರೂಪ. ಮಲೆನಾಡಿನ ಹಳ್ಳದ ಮರಳು ಹಾಗಲ್ಲ. ಮಳೆ ನಿಂತು ನೀರು ತಿಳಿಯಾದ ಮೇಲೆ ಅದರ ತಳದಲ್ಲಿ ಸಣ್ಣ ಸಣ್ಣ ಚಕ್ಕೆಗಳು ಬಿಸಿಲಿಗೆ ಮಿರುಗುತ್ತವೆ. ಮಕ್ಕಳು ಅದನ್ನು ಕಾಗೆಬಂಗಾರವೆಂದು ಕರೆದು ಬೆಂಕಿಪೊಟ್ಟಣದಲ್ಲಿ ಕೂಡಿಡುತ್ತಾರೆ. ಪಠ್ಯಪುಸ್ತಕದಲ್ಲಿ ಅದರ ಹೆಸರು ಅಭ್ರಕ.

ಮಣ್ಣಿನಲ್ಲಿ ಇಷ್ಟು ಭಿನ್ನವಾದ ಈ ಎರಡು ಸೀಮೆಗಳಿಗೂ ಇಂದು ಒಂದೇ ಡಬ್ಬಿ ಬರುತ್ತಿದೆ. ಆಳಂದದ ಮದುವೆ ಮನೆಗೂ, ಮಲೆನಾಡಿನ ಶಾಲಾ ವಾರ್ಷಿಕೋತ್ಸವಕ್ಕೂ, ಜಾತ್ರೆಯ ಬಳೆ ಅಂಗಡಿಗೂ ಅದು ತಲುಪಿದೆ. ಅಂಗೈಯಗಲದ ಡಬ್ಬಿ, ಒಳಗೆ ಹತ್ತು ಹನ್ನೆರಡು ಪುಟ್ಟ ಮನೆಗಳು, ಒಂದೊಂದು ಮನೆಯಲ್ಲಿಯೂ ಬೆಳ್ಳಿ, ಬಂಗಾರ, ತಾಮ್ರ, ಕಂಚು, ನವಿಲು ಬಣ್ಣದ ಪುಡಿ. ಕಣ್ಣಿನ ರೆಪ್ಪೆಗೆ ಹಚ್ಚುವ ಈ ಬಣ್ಣವನ್ನು ಐಶ್ಯಾಡೋ ಎನ್ನುತ್ತಾರೆ. ಅದು ಮಿನುಗುವಂತಹದಾದರೆ ಶಿಮ್ಮರ್, ಲೋಹದ ತಗಡಿನಂತೆ ಹೊಳೆಯುವಂತಹದಾದರೆ ಮೆಟಾಲಿಕ್.

ಕಾಡು, ನದಿ, ಗಣಿಗಳ ಮಾತು ನಡೆಯಬೇಕಾದ ಸಭೆಯಲ್ಲಿ ಕಣ್ಣಿನ ಬಣ್ಣದ ಮಾತೇಕೆ ಎಂದು ಹಿರಿಯರು ಕೇಳಬಹುದು. ಡಬ್ಬಿಯ ಪುಡಿಯ ಮುಖ್ಯ ಭಾಗ ಯಾವುದೋ ಬೆಟ್ಟವನ್ನು ಅಗೆದು ತೆಗೆದ ಕಾಗೆಬಂಗಾರ ಎಂಬುದೇ ಅದಕ್ಕೆ ಉತ್ತರ. ಅಲಂಕಾರ ಮಾಡಿಕೊಳ್ಳುವುದು ತಪ್ಪಲ್ಲ; ಹೆಣ್ಣುಮಕ್ಕಳನ್ನು ಆಕ್ಷೇಪಿಸುವ ಉದ್ದೇಶವೂ ಈ ಉಪನ್ಯಾಸಕ್ಕಿಲ್ಲ. ಹೊಳಪು ಹುಟ್ಟುವ ಬಗೆಯನ್ನು ಅರಿತವರು ಅತಿ ಕಡಿಮೆ ಪುಡಿಯಿಂದ ಅತಿ ಹೆಚ್ಚು ಹೊಳಪನ್ನು ಪಡೆಯಬಲ್ಲರು. ಆ ಪುಡಿ ಎಲ್ಲಿಂದ ಬಂತೆಂದು ಅರಿತವರು ಅದನ್ನು ಪೋಲು ಮಾಡಲಾರರು. ಈ ಎರಡು ಅರಿವುಗಳನ್ನು ಒಟ್ಟಿಗೆ ಮುಂದಿಡುವುದೇ ಇಲ್ಲಿಯ ಉದ್ದೇಶ.

ಹೊಳಪು ಹುಟ್ಟುವ ಬಗೆ

ಹಳೆಯ ವಿದ್ಯುತ್ ಇಸ್ತ್ರಿಪೆಟ್ಟಿಗೆಯನ್ನು ಬಿಚ್ಚಿ ನೋಡಿದವರು ಅದರೊಳಗಿನ ತಂತಿಯನ್ನು ಸುತ್ತಿದ ಗಾಜಿನಂತಹ ಹಾಳೆಯನ್ನು ಕಂಡಿರುತ್ತಾರೆ. ಶಾಖಕ್ಕೆ ಸುಡದ, ವಿದ್ಯುತ್ತನ್ನು ಹರಿಯಗೊಡದ ಆ ಹಾಳೆ ಅಭ್ರಕ. ಉಗುರಿನ ತುದಿಯಿಂದ ಕೆದಕಿದರೆ ಅದು ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ. ಪೊಟ್ಯಾಸಿಯಂ, ಅಲ್ಯೂಮಿನಿಯಂ ಮತ್ತು ಸಿಲಿಕಾ ಸೇರಿ ಆದ ಈ ಖನಿಜದ ಸ್ವಭಾವವೇ ಅದು. ಎಷ್ಟು ನುಣ್ಣಗೆ ಪುಡಿಮಾಡಿದರೂ ಅದರ ಕಣಗಳು ಸಕ್ಕರೆಯಂತೆ ಹರಳಾಗುವುದಿಲ್ಲ. ಚಪ್ಪಟೆ ಚಕ್ಕೆಗಳಾಗಿಯೇ ಉಳಿಯುತ್ತವೆ.

ಕಾರ್ಖಾನೆಯಲ್ಲಿ ಈ ಚಕ್ಕೆಗಳ ಮೇಲೆ ಟೈಟಾನಿಯಂ ಡೈಆಕ್ಸೈಡ್ ಅಥವಾ ಕಬ್ಬಿಣದ ಆಕ್ಸೈಡಿನ ಅತಿ ತೆಳುವಾದ ಲೇಪವನ್ನು ಕೊಡುತ್ತಾರೆ. ಬೆಳಕು ಆ ಲೇಪದ ಮೇಲ್ಮೈಯಿಂದಲೂ ತಳದಿಂದಲೂ ಪ್ರತಿಫಲಿಸಿ ಪರಸ್ಪರ ಬೆರೆಯುತ್ತದೆ. ಟೈಟಾನಿಯಂ ಲೇಪ ತೀರ ತೆಳುವಾದಾಗ ಬೆಳ್ಳಿಯ ಹೊಳಪು ಬರುತ್ತದೆ. ದಪ್ಪ ಏರಿದಂತೆ ಬಂಗಾರ, ಕೆಂಪು, ನೀಲಿ, ಹಸಿರು ಕ್ರಮವಾಗಿ ತೋರುತ್ತವೆ. ಸಾಬೂನಿನ ಗುಳ್ಳೆಯ ಮೇಲೆ ಓಡಾಡುವ ಬಣ್ಣಗಳಿಗೂ, ನವಿಲುಗರಿಯ ಕಣ್ಣಿಗೂ, ಮಕ್ಕಳು ಹಿಡಿದು ಆಡುವ ಜೀರ್ಜಿಂಬೆಯ ಹಸಿರು ಬೆನ್ನಿಗೂ ಇದೇ ಬಗೆಯ ಕಾರಣವಿದೆ. ಅವುಗಳ ಮಿರುಗು ಬೆಳಕು ಮತ್ತು ಸೂಕ್ಷ್ಮ ರಚನೆಗಳ ಆಟ. ತಾಮ್ರ ಮತ್ತು ಕಂಚಿನ ಬಣ್ಣಗಳಿಗೆ ಕಬ್ಬಿಣದ ಆಕ್ಸೈಡ್, ಅಂದರೆ ತುಕ್ಕಿನ ಜಾತಿಯ ಬಣ್ಣ, ಕಾರಣ. ಸೌಂದರ್ಯ ಸಾಧನಗಳಲ್ಲಿ ಬಳಸುವ ಈ ಆಕ್ಸೈಡನ್ನು ಇಂದು ಕಾರ್ಖಾನೆಯಲ್ಲಿಯೇ ತಯಾರಿಸುತ್ತಾರೆ.

ಇದರಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಚಕ್ಕೆಗಳು ಒಂದರ ಪಕ್ಕದಲ್ಲೊಂದು ಚಪ್ಪಟೆಯಾಗಿ ಮಲಗಿದರೆ ಬೆಳಕು ಒಂದೇ ದಿಕ್ಕಿಗೆ ಮರಳಿ ತಗಡಿನಂತಹ ಹೊಳಪು ಬರುತ್ತದೆ. ಅಡ್ಡಾದಿಡ್ಡಿಯಾಗಿ ನಿಂತರೆ ಬೆಳಕು ಚದುರಿ ಮಂಕಾಗುತ್ತದೆ. ಚಕ್ಕೆಗಳು ಅರೆಪಾರದರ್ಶಕವಾಗಿರುವುದರಿಂದ ಅವುಗಳ ಕೆಳಗಿನ ಬಣ್ಣವೂ ಕಾಣುತ್ತದೆ. ಚಕ್ಕೆಯ ಗಾತ್ರ ಕಿರಿದಾದಷ್ಟೂ ರೇಷ್ಮೆಯಂತಹ ನುಣುಪು, ಹಿರಿದಾದಷ್ಟೂ ಚುಕ್ಕೆ ಚುಕ್ಕೆಯ ಮಿನುಗು. ಬಣ್ಣ ಹಚ್ಚುವ ಕ್ರಮವೆಲ್ಲ ಈ ಮೂರರ ಮೇಲೆಯೇ ನಿಂತಿದೆ.

ಬಿದರಿಯ ಪಾಠ, ಚೌಕಿಯ ಪಾಠ

ಎರಡನೆಯ ಸಂಗತಿಯನ್ನು ಕಲಬುರಗಿಯ ನೆರೆಯ ಜಿಲ್ಲೆಯಾದ ಬೀದರಿನ ಕುಶಲಕರ್ಮಿಗಳು ಶತಮಾನಗಳಿಂದ ಬಲ್ಲರು. ಬಿದರಿ ಪಾತ್ರೆಯ ಮೈ ಸತು ಮತ್ತು ತಾಮ್ರದ ಮಿಶ್ರಲೋಹ. ಸತುವಿನ ಪಾಲೇ ಬಹುಪಾಲು. ಅದರ ಮೇಲೆ ಉಳಿಯಿಂದ ಬಳ್ಳಿ ಹೂಗಳನ್ನು ಕೊರೆದು, ಆ ಗೆರೆಗಳಲ್ಲಿ ಬೆಳ್ಳಿಯ ತಂತಿ ಅಥವಾ ತಗಡನ್ನು ಬಡಿದು ಕೂರಿಸುತ್ತಾರೆ. ಆ ಹಂತದಲ್ಲಿ ಬೆಳ್ಳಿ ಎದ್ದು ಕಾಣುವುದೇ ಇಲ್ಲ. ಲೋಹವೂ ಬೂದು, ಬೆಳ್ಳಿಯೂ ಬೆಳ್ಳಗೆ. ಬಳಿಕ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರವನ್ನು ಕಲಸಿದ ನೀರಿನಲ್ಲಿ ಪಾತ್ರೆಯನ್ನು ಕಾಯಿಸುತ್ತಾರೆ. ಮಿಶ್ರಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಬೆಳ್ಳಿಯನ್ನು ಒಂದು ಗುಲಗಂಜಿಯಷ್ಟೂ ಹೆಚ್ಚಿಸದೆ ಅದರ ಹೊಳಪನ್ನು ಹಲವು ಪಟ್ಟು ಹೆಚ್ಚಿಸುವ ವಿದ್ಯೆ ಇದು. ಈ ಕಲೆಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2023ರಲ್ಲಿ ಬೀದರಿನ ಬಿದರಿ ಕಲಾವಿದ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು.

ಇದೇ ವಿವೇಕ ಕರಾವಳಿ ಮತ್ತು ಮಲೆನಾಡಿನ ಯಕ್ಷಗಾನದ ಚೌಕಿಯಲ್ಲಿಯೂ ಇದೆ. ದೊಂದಿಯ ಬೆಳಕಿನಲ್ಲಿ, ಅನಂತರ ಗ್ಯಾಸ್‌ಲೈಟಿನ ಬೆಳಕಿನಲ್ಲಿ ರಾತ್ರಿಯಿಡೀ ಆಡುತ್ತಿದ್ದ ಆಟ ಅದು. ಹಗುರವಾದ ಮರದಿಂದ ಮಾಡಿದ ಕಿರೀಟ, ಭುಜಕೀರ್ತಿ, ಎದೆಕಟ್ಟುಗಳಿಗೆ ಬೇಗಡೆ ಅಂಟಿಸುತ್ತಿದ್ದರು. ದೀಪದ ಕುಡಿ ಅಲುಗಿದಾಗಲೆಲ್ಲ ಬೇಗಡೆ ಮಿರುಗುತ್ತಿತ್ತು. ಕಣ್ಣಿನ ಸುತ್ತ ಕಾಡಿಗೆಯ ದಪ್ಪ ಗೆರೆ. ದೂರದಲ್ಲಿ ಕುಳಿತವರಿಗೂ ಕಣ್ಣಿನ ಚಲನೆ ಕಾಣಬೇಕೆಂಬುದು ಅದರ ಉದ್ದೇಶ. ಎಲ್ಲವೂ ಹೊಳೆದರೆ ಯಾವುದೂ ಹೊಳೆಯದು ಎಂಬುದನ್ನು ಆ ಕಲಾವಿದರು ಅನುಭವದಿಂದ ಅರಿತಿದ್ದರು. ಈ ವೇಷಭೂಷಣ, ಬಣ್ಣಗಾರಿಕೆಗಳನ್ನು ಆಳವಾಗಿ ಅಧ್ಯಯನ ಮಾಡಿದವರು ಡಾ. ಶಿವರಾಮ ಕಾರಂತರು. ಅವರ 'ಯಕ್ಷಗಾನ ಬಯಲಾಟ' ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಅದೇ ಕಾರಂತರು ಇಳಿವಯಸ್ಸಿನಲ್ಲಿ ಕೈಗಾ ಅಣುಸ್ಥಾವರವನ್ನು ವಿರೋಧಿಸಿ, 1989ರಲ್ಲಿ ಪರಿಸರದ ಪ್ರಶ್ನೆಯನ್ನು ಮುಂದಿಟ್ಟು ಲೋಕಸಭಾ ಚುನಾವಣೆಗೂ ನಿಂತರು. ಮುಖದ ಬಣ್ಣದ ಚಿಂತನೆ ಬೇರೆ, ಬೆಟ್ಟದ ಚಿಂತನೆ ಬೇರೆ ಎಂದು ಅವರು ಭಾವಿಸಿರಲಿಲ್ಲವೆಂಬುದಕ್ಕೆ ಅವರ ಬದುಕೇ ಸಾಕ್ಷಿ.

ಹಚ್ಚುವ ಕ್ರಮ

ಈಗ ಕೈಕೆಲಸದ ಮಾತು. ಮದುವೆ, ನಾಟಕ, ವಾರ್ಷಿಕೋತ್ಸವಗಳಲ್ಲಿ ಬಹುತೇಕರು ಮಾಡುವ ತಪ್ಪು ಒಂದೇ. ಒಣ ರೆಪ್ಪೆಯ ಮೇಲೆ ಪುಡಿಯನ್ನು ಕುಂಚದಿಂದ ಉಜ್ಜುತ್ತಾರೆ. ಹೊಳಪು ಬರಲಿಲ್ಲವೆಂದು ಮತ್ತೆ ಮತ್ತೆ ಹಚ್ಚುತ್ತಾರೆ. ಅರ್ಧ ಪುಡಿ ಕೆನ್ನೆಗೆ ಉದುರುತ್ತದೆ, ಒಂದಷ್ಟು ಕಣ್ಣಿಗೂ ಬೀಳುತ್ತದೆ. ಉಜ್ಜಿದಾಗ ಚಕ್ಕೆಗಳು ಚದುರಿ ಏಳುವುದರಿಂದ ಎಷ್ಟು ಹಚ್ಚಿದರೂ ಫಲವಿಲ್ಲ.

ಮೊದಲು ಕೈ ಮತ್ತು ಮುಖವನ್ನು ತೊಳೆದು ಒರೆಸಿಕೊಳ್ಳಬೇಕು. ರೆಪ್ಪೆಯ ಮೇಲೆ ಎಣ್ಣೆಯ ಜಿಡ್ಡು ಉಳಿದಿದ್ದರೆ ಬಣ್ಣ ಮಡಿಕೆಗೆ ಸೇರಿ ಗೆರೆಯಾಗುತ್ತದೆ. ಚರ್ಮ ತೀರ ಒಣಗಿದ್ದರೆ ಪುಡಿ ನಿಲ್ಲುವುದಿಲ್ಲ. ಆಗ ರೆಪ್ಪೆಗೆ ಹಚ್ಚುವ ಪ್ರೈಮರ್ ಅಥವಾ ಮುಖದ ಕ್ರೀಮನ್ನು ಸಾಸಿವೆಯಷ್ಟು ತೆಗೆದುಕೊಂಡು ಬೆರಳಿನಿಂದ ತೆಳುವಾಗಿ ಸವರಿ, ಒಂದೆರಡು ನಿಮಿಷ ಬಿಡಬೇಕು. ಹೊಸ ಡಬ್ಬಿಯಾದರೆ ಹಿಂದಿನ ದಿನವೇ ಮೊಣಕೈಯ ಒಳಮಡಿಕೆಗೆ ಸ್ವಲ್ಪ ಹಚ್ಚಿ ನೋಡುವುದು ಲೇಸು. ತುರಿಕೆಯಾಗಲೀ ಕೆಂಪಾಗಲೀ ಕಂಡರೆ ಅದು ಕಣ್ಣಿಗೆ ಸಲ್ಲದು.

ಎರಡನೆಯ ಹಂತ ಹೊಳಪಿಲ್ಲದ ಗಾಢಬಣ್ಣದ್ದು. ಕಂದು ಅಥವಾ ಬೂದುಗಪ್ಪನ್ನು ರೆಪ್ಪೆಯ ಮಡಿಕೆಯಲ್ಲಿ ಮತ್ತು ಹೊರಮೂಲೆಯಲ್ಲಿ ತೆಳುವಾಗಿ ಹಚ್ಚಿ, ಅಂಚು ಕಾಣದಂತೆ ಕುಂಚದಿಂದ ಬೆರೆಸಬೇಕು. ಬಿದರಿಯ ಕಪ್ಪು ಮೈ ಮಾಡುವ ಕೆಲಸವನ್ನೇ ಇದು ಮಾಡುತ್ತದೆ. ಚಕ್ಕೆಗಳನ್ನು ಹಾದುಹೋದ ಬೆಳಕನ್ನು ಕೆಳಗಿನ ಗಾಢಬಣ್ಣ ನುಂಗುವುದರಿಂದ, ಮೇಲಿನಿಂದ ಮರಳಿದ ಹೊಳಪು ಮಾತ್ರ ಕಣ್ಣಿಗೆ ನಿಚ್ಚಳವಾಗಿ ಕಾಣುತ್ತದೆ.

ಮೂರನೆಯದು ಹೊಳಪಿನ ಹಂತ. ಇಲ್ಲಿ ಕುಂಚಕ್ಕಿಂತ ಉಂಗುರ ಬೆರಳೇ ಮೇಲು. ಬೆರಳ ತುದಿಗೆ ಚೂರು ಪುಡಿಯನ್ನು ತೆಗೆದುಕೊಂಡು, ಕಣ್ಣು ಮುಚ್ಚಿ, ರೆಪ್ಪೆಯ ನಡುಭಾಗದಲ್ಲಿ ಮೆಲ್ಲಗೆ ಒತ್ತಬೇಕು, ಎಳೆಯಬಾರದು. ಒತ್ತಿದಾಗ ಚಕ್ಕೆಗಳು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಚಪ್ಪಟೆಯಾಗಿ ಮಲಗುತ್ತವೆ. ಬೆರಳಿನ ಬಿಸುಪು ಮತ್ತು ಚರ್ಮದ ಸಹಜ ಜಿಡ್ಡು ಅವನ್ನು ಹಿಡಿದುಕೊಳ್ಳುತ್ತವೆ. ತಗಡಿನಂತಹ ಮೆಟಾಲಿಕ್ ಹೊಳಪು ಬೇಕಾದರೆ ಶುಚಿಯಾದ ಚಪ್ಪಟೆ ಕುಂಚವನ್ನು ಕಾಯಿಸಿ ಆರಿಸಿದ ನೀರಿನಲ್ಲಿ ತೇವಮಾಡಿ, ಬಟ್ಟೆಗೆ ಒತ್ತಿ ಹನಿ ತೆಗೆದು, ಪುಡಿಯನ್ನು ಹಿಡಿದು ರೆಪ್ಪೆಯ ಮೇಲೆ ಇಡಬೇಕು. ನೀರು ಆರುತ್ತಿರುವಾಗ ಚಕ್ಕೆಗಳು ಮಟ್ಟಸವಾಗಿ ಕೂರುತ್ತವೆ. ಪೂರ್ತಿ ಆರುವ ತನಕ ಕಣ್ಣು ಅಗಲಿಸಬಾರದು. ಅಗಲಿಸಿದರೆ ಮಡಿಕೆಯಲ್ಲಿ ಬಿರುಕು ಬೀಳುತ್ತದೆ. ಕಣ್ಣಿನ ಒಳಮೂಲೆಯಲ್ಲಿ ಎಳ್ಳಿನಷ್ಟು ಗಾತ್ರದ ಒಂದು ಚುಕ್ಕೆ ಇಟ್ಟರೆ ಕಣ್ಣು ಅರಳಿದಂತೆ ತೋರುತ್ತದೆ. ಅಷ್ಟಕ್ಕೇ ನಿಲ್ಲಿಸಬೇಕು. ಹುಬ್ಬಿನವರೆಗೂ ಬಳಿದ ಹೊಳಪು ರೆಪ್ಪೆಯ ಹೊಳಪನ್ನೇ ಕೊಲ್ಲುತ್ತದೆ.

ಬಣ್ಣದ ಆಯ್ಕೆಯಲ್ಲಿಯೂ ಒಂದು ಮಾತಿದೆ. ಕಪ್ಪು, ಎಣ್ಣೆಗೆಂಪು ಮೈಬಣ್ಣದವರಿಗೆ ತಾಮ್ರ, ಕಂಚು, ಹಳೆಬಂಗಾರಗಳು ಚೆನ್ನಾಗಿ ಒಪ್ಪುತ್ತವೆ. ಬಿಳಿಬೆಳ್ಳಿಯ ಪುಡಿಯಲ್ಲಿ ಟೈಟಾನಿಯಂನ ಬಿಳುಪು ಹೆಚ್ಚಿರುವುದರಿಂದ ಬೂದಿ ಬಳಿದಂತೆ ಕಾಣುವ ಸಂಭವವಿದೆ. ಜಾಹೀರಾತಿನಲ್ಲಿ ಕಂಡದ್ದನ್ನೇ ಹಚ್ಚಿಕೊಂಡು, ತನ್ನ ಮೈಬಣ್ಣವೇ ಸರಿಯಿಲ್ಲವೆಂದು ಯಾವ ವಿದ್ಯಾರ್ಥಿನಿಯೂ ಕೊರಗಬೇಕಾಗಿಲ್ಲ. ಗಾಢವಾದ ನೆಲದ ಮೇಲೆಯೇ ಹೊಳಪು ಚೆನ್ನಾಗಿ ಕಾಣುವುದೆಂದು ಬಿದರಿ ಪಾತ್ರೆಯೇ ಹೇಳುತ್ತದೆ. ಬೆಳಕನ್ನೂ ಗಮನಿಸಬೇಕು. ಹಗಲಿನ ಮದುವೆಗೆ ನುಣುಪಾದ ಸಣ್ಣ ಚಕ್ಕೆಯ ಪುಡಿ ಸಾಕು. ರಾತ್ರಿಯ ರಂಗಕ್ಕೆ ದೊಡ್ಡ ಚಕ್ಕೆಯದು ನಡೆಯುತ್ತದೆ.

ಕಣ್ಣಿನ ಕೆಲಸ ಮುಗಿಸಿದ ಮೇಲೆಯೇ ಉಳಿದ ಮುಖದ ಬಣ್ಣ ಹಚ್ಚಬೇಕು. ಆಗ ಕೆನ್ನೆಗೆ ಉದುರಿದ ಪುಡಿಯನ್ನು ಒಣಬಟ್ಟೆಯಿಂದ ತೆಗೆಯುವುದು ಸುಲಭ. ರೆಪ್ಪೆಗೂದಲಿನ ಒಳಗಿನ ತೇವದ ಅಂಚಿಗೆ ಹೊಳಪಿನ ಪುಡಿಯನ್ನು ಎಂದೂ ಹಚ್ಚಬಾರದು. ರಾತ್ರಿ ಮಲಗುವ ಮುನ್ನ ಹತ್ತಿಗೆ ಕೊಬ್ಬರಿ ಎಣ್ಣೆ ಸವರಿ, ಮುಚ್ಚಿದ ರೆಪ್ಪೆಯ ಮೇಲೆ ಕ್ಷಣಕಾಲ ಒತ್ತಿಹಿಡಿದು, ಹೊರಗಿನಿಂದ ಮೂಗಿನ ಕಡೆಗೆ ಮೆತ್ತಗೆ ಒರೆಸಿ ತೆಗೆಯಬೇಕು. ಆ ಹತ್ತಿಯನ್ನು ಕಸದ ಡಬ್ಬಿಗೆ ಹಾಕಬೇಕು. ಹಳ್ಳದ ದಡದಲ್ಲಿ ಮುಖ ತೊಳೆದು ಬಿಡಬಾರದು.

ಒಂದೇ ಕುಂಚವನ್ನು ಇಡೀ ನಾಟಕ ತಂಡ ಬಳಸುವುದು ಬಹಳ ಕಡೆ ರೂಢಿಯಲ್ಲಿದೆ. 2023ರ ಮಳೆಗಾಲದಲ್ಲಿ ರಾಜ್ಯದಲ್ಲಿ ಮದ್ರಾಸ್ ಐ ಎನ್ನುವ ಕಣ್ಣುಬೇನೆ ಹರಡಿದ್ದನ್ನು ಎಲ್ಲರೂ ಕಂಡಿದ್ದಾರೆ. ಹಂಚಿಕೊಂಡ ಕುಂಚ, ಕಾಡಿಗೆ ಕಡ್ಡಿ, ಕರವಸ್ತ್ರಗಳು ಅದಕ್ಕೆ ಒಳ್ಳೆಯ ದಾರಿ. ಕಣ್ಣುಬೇನೆ ಬಂದಾಗ ಬಳಸುತ್ತಿದ್ದ ಬಣ್ಣವನ್ನು ಉಳಿಸಿಕೊಳ್ಳಬಾರದು.

ಕಣ್ಣಿಗೆ ಸಲ್ಲದ ಹೊಳಪುಗಳು

ಹೊಳೆಯುವುದೆಲ್ಲ ಅಭ್ರಕವಲ್ಲ. ಹಿಂದಿನ ಬಣ್ಣಗಾರಿಕೆಯ ಎಲ್ಲವೂ ನಿರಪಾಯಕಾರಿಯೆಂದು ತಿಳಿಯುವುದೂ ತಪ್ಪು. ಯಕ್ಷಗಾನದ ಮುಖವರ್ಣಿಕೆಗೆ ಬಳಕೆಯಲ್ಲಿದ್ದ ಹಳದಿಯಾದ ಅರದಳ ಆರ್ಸೆನಿಕ್‌ನ ಸಲ್ಫೈಡ್. ಕೆಂಪಾದ ಇಂಗಳೀಕ ಪಾದರಸದ ಸಲ್ಫೈಡ್. ಇವುಗಳ ಬದಲು ಸುರಕ್ಷಿತ ಬಣ್ಣಗಳು ಇಂದು ದೊರೆಯುವಾಗ ಹಳೆಯ ಡಬ್ಬಿಯ ಮೋಹವನ್ನು ಚೌಕಿಯಿಂದ ಬಿಡಬೇಕು.

ಕಲಬುರಗಿಯ ಖ್ವಾಜಾ ಬಂದೇನವಾಜರ ದರ್ಗಾ, ಆಳಂದದ ಲಾಡ್ಲೆ ಮಶಾಯಿಕರ ದರ್ಗಾಗಳಿರುವ ಆ ಸೀಮೆಯಲ್ಲಿ ಸುರ್ಮಾ ಹಚ್ಚುವುದು ಹಿಂದಿನಿಂದ ಬಂದ ವಾಡಿಕೆ. ಕರಿಕಲ್ಲಿನ ಹೊಳಪುಳ್ಳ ಸಾಂಪ್ರದಾಯಿಕ ಸುರ್ಮಾ ಬಹುಮಟ್ಟಿಗೆ ಸೀಸದ ಸಲ್ಫೈಡ್ ಆಗಿರುತ್ತದೆ. ಕಣ್ಣಿಗೆ ಹಚ್ಚಿದ ಕೈಯನ್ನು ಮಗು ಬಾಯಿಗೆ ಹಾಕಿಕೊಳ್ಳುತ್ತದೆ. ಸೀಸ ಹೊಟ್ಟೆ ಸೇರುತ್ತದೆ. ಮಕ್ಕಳ ಮೆದುಳಿನ ಬೆಳವಣಿಗೆಗೆ ಸೀಸದ ಯಾವ ಪ್ರಮಾಣವೂ ಸುರಕ್ಷಿತವೆಂದು ಗೊತ್ತಾಗಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಹರಳೆಣ್ಣೆ ದೀಪದ ಮಸಿಯಿಂದ ಮನೆಯಲ್ಲಿ ಮಾಡುವ ಕಾಡಿಗೆಯಲ್ಲಿ ಸೀಸದ ಕಲ್ಲು ಇರುವುದಿಲ್ಲ. ಆದರೂ ಹಸುಗೂಸಿನ ಕಣ್ಣಿನೊಳಗೆ ಬೆರಳು ಹಾಕಿ ಯಾವುದನ್ನೂ ಹಚ್ಚದಿರುವುದೇ ಕ್ಷೇಮ. ದೃಷ್ಟಿಬೊಟ್ಟನ್ನು ಅಂಗಾಲಿಗೆ ಇಟ್ಟರೂ ಸಂಪ್ರದಾಯಕ್ಕೆ ಕೊರತೆಯಾಗದು.

ಗಣಪತಿ ಮೂರ್ತಿಗೂ ಗೇಟಿಗೂ ಬಳಿಯುವ ಬಂಗಾರದ ಪುಡಿಯನ್ನು ಶಾಲಾ ನಾಟಕದ ರಾಜನ ಮುಖಕ್ಕೆ ಬಳಿಯುವವರಿದ್ದಾರೆ. ಅದು ತಾಮ್ರ, ಸತುಗಳ ಲೋಹದ ಪುಡಿ. ಚರ್ಮಕ್ಕಾಗಲೀ ಕಣ್ಣಿಗಾಗಲೀ ತಕ್ಕದ್ದಲ್ಲ.

ಇನ್ನೊಂದು ಗ್ಲಿಟರ್. ಶುಭಾಶಯ ಪತ್ರ, ಬಲೂನು, ಬಟ್ಟೆಗಳ ಮೇಲೆ ಕಾಣುವ ಈ ಮಿನುಗುಪುಡಿ ಬಹುಪಾಲು ಪ್ಲಾಸ್ಟಿಕ್. ಪಾಲಿಯೆಸ್ಟರ್ ಹಾಳೆಗೆ ಅಲ್ಯೂಮಿನಿಯಂ ಲೇಪಿಸಿ ಸಣ್ಣ ಚೂರುಗಳಾಗಿ ಕತ್ತರಿಸಿರುತ್ತಾರೆ. ಅದರ ಅಂಚು ಚೂಪು. ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯನ್ನು ಗೀರಬಲ್ಲದು. ತೊಳೆದ ಮೇಲೆ ಅದು ಬಚ್ಚಲಿನಿಂದ ತೋಟಕ್ಕೆ, ತೋಟದಿಂದ ಹಳ್ಳಕ್ಕೆ ಹೋಗುತ್ತದೆ. ಹಳ್ಳದ ಮರಳಿನಲ್ಲಿ ಸಹಜವಾಗಿ ಮಿನುಗುವ ಕಾಗೆಬಂಗಾರ ಕಲ್ಲು, ಕ್ರಮೇಣ ಮಣ್ಣಾಗುತ್ತದೆ. ಪ್ಲಾಸ್ಟಿಕ್ ಚೂರು ಮಣ್ಣಾಗದೆ ಇನ್ನೂ ಸಣ್ಣದಾಗುತ್ತ ಮೀನಿನ ಹೊಟ್ಟೆಯನ್ನು ಸೇರುತ್ತದೆ. ಯುರೋಪಿನ ಒಕ್ಕೂಟ 2023ರ ಅಕ್ಟೋಬರಿನಲ್ಲಿ ಸಡಿಲವಾದ ಪ್ಲಾಸ್ಟಿಕ್ ಗ್ಲಿಟರ್ ಮಾರಾಟವನ್ನು ನಿರ್ಬಂಧಿಸಿತು. ಭಾರತದಲ್ಲಿ 2022ರ ಜುಲೈ 1ರಿಂದ ಜಾರಿಗೆ ಬಂದ ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಅಲಂಕಾರದ ಥರ್ಮೋಕೋಲ್ ಸೇರಿದೆ, ಮಿನುಗುಪುಡಿಯ ಹೆಸರಿಲ್ಲ.

ಕಾಗೆಬಂಗಾರದ ಬೆಟ್ಟಗಳು

ಇನ್ನು ಡಬ್ಬಿಯ ಅಭ್ರಕ ಹುಟ್ಟಿದ ಊರಿಗೆ ಹೋಗಬೇಕು. ಆಂಧ್ರದ ನೆಲ್ಲೂರು, ರಾಜಸ್ಥಾನದ ಭಿಲ್ವಾರಾ ಸೀಮೆಗಳಲ್ಲಿ ಅಭ್ರಕವಿದೆ. ಹೆಚ್ಚು ಹೆಸರಾದದ್ದು ಜಾರ್ಖಂಡಿನ ಕೋಡರ್ಮಾ, ಗಿರಿಡೀಹ್ ಮತ್ತು ನೆರೆಯ ಬಿಹಾರದ ನವಾದಾ ಜಿಲ್ಲೆಗಳ ಕಾಡುಗುಡ್ಡಗಳ ಪಟ್ಟಿ. ಕೋಡರ್ಮಾಕ್ಕೆ ಅಭ್ರಕ ನಗರಿ ಎಂಬ ಹೆಸರೇ ಇದೆ. ಬ್ರಿಟಿಷರ ಕಾಲದಲ್ಲಿ, ವಿಶೇಷವಾಗಿ ಎರಡು ಮಹಾಯುದ್ಧಗಳ ಸಮಯದಲ್ಲಿ, ವಿದ್ಯುತ್ ಮತ್ತು ರೇಡಿಯೋ ಉಪಕರಣಗಳಿಗಾಗಿ ಅಲ್ಲಿಯ ಅಭ್ರಕ ಹಡಗು ಏರಿತು. ಅನಂತರ ಬದಲಿ ವಸ್ತುಗಳು ಬಂದು ಬೇಡಿಕೆ ಕುಸಿಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಬಳಿಕ ಕಾಡಿನೊಳಗಿನ ಗಣಿಗಳು ಒಂದೊಂದಾಗಿ ಮುಚ್ಚಿದವು.

ಗಣಿ ಮುಚ್ಚಿದರೂ ಹೊಟ್ಟೆ ಮುಚ್ಚಲಿಲ್ಲ. ಕಂಪನಿಗಳು ಹೊರಚೆಲ್ಲಿದ ಕಲ್ಲುರಾಶಿಯಲ್ಲಿ ಚೂರು ಅಭ್ರಕ ಉಳಿದಿತ್ತು. ಅದಕ್ಕೆ ಅಲ್ಲಿಯವರು ಢಿಬರಾ ಎನ್ನುತ್ತಾರೆ. ಬಿಟ್ಟುಹೋದ ಗಣಿಯ ಬಾಯಿಯನ್ನು ಅಗಲಿಸಿ, ಇಲಿಬಿಲದಂತಹ ಸುರಂಗ ತೋಡಿ, ಬುಟ್ಟಿಯಲ್ಲಿ ಹೊತ್ತು ತಂದು ಬೇರ್ಪಡಿಸುವ ಕೆಲಸಕ್ಕೆ ಇಡೀ ಕುಟುಂಬಗಳು ಇಳಿದವು. ಕಿರಿದಾದ ಬಿಲಕ್ಕೆ ಕಿರಿಯ ದೇಹವೇ ಅನುಕೂಲ; ಹಾಗಾಗಿ ಮಕ್ಕಳೂ ಇಳಿದರು. ಕಾನೂನಿನ ಕಣ್ಣಿನಲ್ಲಿ ಆ ಗಣಿಯೇ ಇಲ್ಲ. ಆದುದರಿಂದ ಸುರಂಗ ಕುಸಿದು ಸತ್ತರೆ ಲೆಕ್ಕವಿಲ್ಲ, ಪರಿಹಾರವೂ ಇಲ್ಲ. ಥಾಮ್ಸನ್ ರಾಯ್ಟರ್ಸ್ ಫೌಂಡೇಷನ್ 2016ರಲ್ಲಿ ನಡೆಸಿದ ತನಿಖೆಯಲ್ಲಿ ಎರಡು ತಿಂಗಳ ಅವಧಿಯಲ್ಲಿ ಏಳು ಮಕ್ಕಳು ಈ ಗಣಿಗಳಲ್ಲಿ ಸತ್ತ ಸಂಗತಿ ಹೊರಬಂದಿತು. ಹಲವು ಸಾವುಗಳನ್ನು ಮನೆಯವರೇ ಮುಚ್ಚಿಟ್ಟಿದ್ದರು. ಮಾತನಾಡಿದರೆ ಇರುವ ಕೂಲಿಯೂ ಹೋದೀತೆಂಬ ಭಯ. ಬದುಕಿದವರಿಗೂ ಕಲ್ಲಿನ ದೂಳಿನಿಂದ ಶ್ವಾಸಕೋಶದ ಕಾಯಿಲೆ ತಪ್ಪಿದ್ದಲ್ಲ.

ಅಲ್ಲಿ ಆಯ್ದ ಚೂರು ದಲ್ಲಾಳಿಗಳ ಕೈಯಿಂದ ಕೈಗೆ ಹೋಗಿ, ಕಾನೂನುಬದ್ಧ ಗಣಿಯ ಮಾಲಿನೊಂದಿಗೆ ಬೆರೆತು, ಪುಡಿಯಾಗಿ, ಹೊರದೇಶಕ್ಕೆ ಹೋಗಿ, ಲೇಪ ಪಡೆದು, ಡಬ್ಬಿಯಾಗಿ ಮರಳುತ್ತದೆ. ಕಾರಿನ ಹೊಳೆಯುವ ಬಣ್ಣಕ್ಕೂ ಅದೇ ಅಭ್ರಕ ಬೇಕು. ಕಿಣ್ಣಿ ಸುಲ್ತಾನದ ಮದುವೆ ಮನೆಯ ರೆಪ್ಪೆಯ ಮೇಲೆ ಹೊಳೆಯುವ ಚಕ್ಕೆಯನ್ನು ಯಾವ ಬೆಟ್ಟದಿಂದ, ಯಾರ ಕೈ ಹೆಕ್ಕಿತೆಂದು ಅಂಗಡಿಯವನೂ ಹೇಳಲಾರ.

ಮಲೆನಾಡಿನವರಿಗೆ ಈ ಕಥೆ ಪೂರ್ತಿ ಅಪರಿಚಿತವಲ್ಲ. ಕುದುರೆಮುಖದ ಕಬ್ಬಿಣದ ಅದಿರು ಮಂಗಳೂರಿಗೆ ಕೊಳವೆಯಲ್ಲಿ ಹರಿದು ಹಡಗು ಏರಿದ್ದನ್ನು, ಭದ್ರೆಯ ನೀರು ಕೆಂಪಾದದ್ದನ್ನು ಈ ಸೀಮೆ ಕಂಡಿದೆ. ಸರ್ವೋಚ್ಚ ನ್ಯಾಯಾಲಯದ 2002ರ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಅಲ್ಲಿಯ ಗಣಿಗಾರಿಕೆ ನಿಂತಿತು. ಗಣಿ ನಿಂತ ಮೇಲೆ ದುಡಿಯುವವರ ಗತಿಯೇನೆಂಬ ಪ್ರಶ್ನೆ ಅಲ್ಲಿಯೂ ಎದ್ದಿತು. ಕಾಡನ್ನು ಉಳಿಸುವ ಕಾನೂನು ಬಂದಾಗ ಕಾಡಿನಂಚಿನ ಜನರ ಅನ್ನದ ವ್ಯವಸ್ಥೆಯೂ ಜೊತೆಗೆ ಬರಬೇಕು. ಬರದಿದ್ದರೆ ಗಣಿ ಹಗಲು ಮುಚ್ಚಿ ರಾತ್ರಿ ತೆರೆಯುತ್ತದೆ. ಕೋಡರ್ಮಾದಲ್ಲಿ ಆದದ್ದು ಅದೇ.

ಬಿಡುವುದೇ ಪರಿಹಾರವೇ?

ಹಾಗಾದರೆ ಅಭ್ರಕವಿರುವ ಬಣ್ಣವನ್ನೆಲ್ಲ ಬಹಿಷ್ಕರಿಸಬೇಕೆ? ವಿದ್ಯಾರ್ಥಿಗಳಿಗೆ ಸಹಜವಾಗಿ ತೋಚುವ ಪ್ರಶ್ನೆ ಇದು. ಉತ್ತರ ಅಷ್ಟು ಸರಳವಾಗಿಲ್ಲ. ಕೊಳ್ಳುವವರು ಏಕಾಏಕಿ ನಿಲ್ಲಿಸಿದರೆ ಢಿಬರಾ ಆಯುವ ಕುಟುಂಬ ಶಾಲೆಗೆ ಹೋಗುವುದಿಲ್ಲ. ಇಟ್ಟಿಗೆ ಭಟ್ಟಿಗೆ ಹೋಗುತ್ತದೆ. ಕೈಲಾಶ್ ಸತ್ಯಾರ್ಥಿಯವರ ಸಂಘಟನೆ ಆ ಹಳ್ಳಿಗಳಲ್ಲಿ ಮಕ್ಕಳನ್ನು ಗಣಿಯಿಂದ ಶಾಲೆಗೆ ತರುವ ಕೆಲಸ ಮಾಡುತ್ತ ಬಂದಿದೆ. ಅವರಿಗೆ 2014ರಲ್ಲಿ ನೊಬೆಲ್ ಶಾಂತಿ ಪುರಸ್ಕಾರ ದೊರೆಯಿತು. 2017ರಲ್ಲಿ ಕೆಲವು ಕಂಪನಿಗಳೂ ಸಂಸ್ಥೆಗಳೂ ಸೇರಿ ರೆಸ್ಪಾನ್ಸಿಬಲ್ ಮೈಕಾ ಇನಿಷಿಯೇಟಿವ್ ಎಂಬ ಒಕ್ಕೂಟವನ್ನು ಸ್ಥಾಪಿಸಿದವು. ಅಭ್ರಕ ಬಂದ ದಾರಿಯನ್ನು ಗಣಿಯವರೆಗೂ ಗುರುತಿಸುವುದು, ಬಾಲಕಾರ್ಮಿಕತೆಯನ್ನು ತೊಡೆಯುವುದು ಅದರ ಗುರಿ. ಆಯುವ ಕೆಲಸ ಕಾನೂನಿನ ಬೆಳಕಿಗೆ ಬರಬೇಕು, ದೊಡ್ಡವರಿಗೆ ನ್ಯಾಯವಾದ ಕೂಲಿ ಸಿಗಬೇಕು, ಮಕ್ಕಳು ಶಾಲೆಯಲ್ಲಿರಬೇಕು. ಸಮಸ್ಯೆಯ ಬೇರು ಇಲ್ಲಿದೆ.

ಕೃತಕ ಅಭ್ರಕವೂ ಬಂದಿದೆ. ಖನಿಜಗಳನ್ನು ಅತ್ಯುಚ್ಚ ಶಾಖದಲ್ಲಿ ಕರಗಿಸಿ, ನಿಧಾನವಾಗಿ ತಣಿಸಿ ಹರಳುಗಟ್ಟಿಸುತ್ತಾರೆ. ಡಬ್ಬಿಯ ಹಿಂದೆ 'ಸಿಂಥೆಟಿಕ್ ಫ್ಲೋರ್‌ಫ್ಲೋಗೋಪೈಟ್' ಎಂದು ಬರೆದಿದ್ದರೆ ಅದೇ ಇದು. ಸಹಜ ಅಭ್ರಕವಾದರೆ 'ಮೈಕಾ' ಅಥವಾ 'ಸಿಐ 77019' ಎಂದಿರುತ್ತದೆ. ಕೃತಕದಲ್ಲಿ ಕಲ್ಮಶ ಕಡಿಮೆ, ಹೊಳಪು ಹೆಚ್ಚು, ಬಾಲಕಾರ್ಮಿಕರ ಗಣಿಯ ಸೋಂಕಿಲ್ಲ. ಆದರೆ ಆ ಕುಲು­ಮೆಯ ಶಾಖಕ್ಕೂ ಎಲ್ಲಿಯೋ ವಿದ್ಯುತ್ ಉರಿಯಬೇಕು ಎಂಬುದನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನಿನ ರಕ್ಷಣೆಯೂ ಇದೆ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ ಅಡಿಯಲ್ಲಿ 2020ರಲ್ಲಿ ಕಾಂತಿವರ್ಧಕಗಳಿಗೆಂದೇ ಪ್ರತ್ಯೇಕ ನಿಯಮಗಳು ಬಂದವು. ಬಳಸುವ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 20 ಭಾಗವನ್ನೂ ಆರ್ಸೆನಿಕ್ 2 ಭಾಗವನ್ನೂ ಮೀರುವಂತಿಲ್ಲ. ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ಬಳಕೆಯ ಅವಧಿ ಡಬ್ಬಿಯ ಮೇಲಿರಬೇಕು. ಜಾತ್ರೆಯಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಸಿಗುವ, ಹೆಸರು ವಿಳಾಸಗಳಿಲ್ಲದ ಡಬ್ಬಿಗೆ ಈ ಯಾವ ರಕ್ಷಣೆಯೂ ಇಲ್ಲ.

ಊರಿನಲ್ಲಿ ಮಾಡಬಹುದಾದದ್ದು

ಮಾಡಬಹುದಾದ ಕೆಲಸಗಳು ಸಣ್ಣವು, ಆದರೆ ಕೈಗೆಟಕುವಂತಹವು. ವಿದ್ಯಾರ್ಥಿಗಳು ಹಳ್ಳದ ಮರಳಿನಿಂದ ನಾಲ್ಕು ಚಕ್ಕೆ ಕಾಗೆಬಂಗಾರವನ್ನು ತಂದು, ಭೂತಗನ್ನಡಿಯಲ್ಲಿ ನೋಡಿ, ಸೂಜಿಮೊನೆಯಿಂದ ಪದರ ಬಿಡಿಸಲಿ. ಒಂದು ಚಕ್ಕೆಯನ್ನು ಬಿಳಿ ಕಾಗದದ ಮೇಲೂ ಇನ್ನೊಂದನ್ನು ಕಪ್ಪು ಕಾಗದದ ಮೇಲೂ ಇಟ್ಟು ಹೋಲಿಸಲಿ. ವಿಜ್ಞಾನದ ಪಾಠವೂ ಅಲಂಕಾರದ ಪಾಠವೂ ಒಟ್ಟಿಗೆ ಆಗುತ್ತವೆ.

ಹನ್ನೆರಡು ಮನೆಗಳ ಡಬ್ಬಿ ಕೊಂಡವರು ಬಳಸುವುದು ಎರಡನ್ನೋ ಮೂರನ್ನೋ. ಉಳಿದದ್ದು ಅವಧಿ ಮೀರಿ ತಿಪ್ಪೆ ಸೇರುತ್ತದೆ. ಒಂದು ಗಾಢ ಕಂದು, ಒಂದು ತಾಮ್ರ ಅಥವಾ ಬಂಗಾರ, ಇಷ್ಟಿದ್ದರೆ ಒಂದು ಮನೆಯ ಎಲ್ಲ ಮದುವೆಗಳೂ ನಡೆಯುತ್ತವೆ. ನಾಟಕ ತಂಡಗಳು ಅರದಳ, ಲೋಹದ ಪುಡಿ, ಪ್ಲಾಸ್ಟಿಕ್ ಮಿನುಗುಗಳನ್ನು ಚೌಕಿಯಿಂದ ಹೊರಗಿಡಲಿ. ಪ್ರತಿ ಪಾತ್ರಧಾರಿಗೂ ಬೇರೆ ಕುಂಚವಿರಲಿ. ಜಾತ್ರಾ ಸಮಿತಿಗಳು ಹೆಸರಿಲ್ಲದ ಡಬ್ಬಿಗಳ ಮಾರಾಟಕ್ಕೆ ಜಾಗ ಕೊಡದಿರಲಿ. ಪೇಟೆಗೆ ಹೋದವರು ಅಂಗಡಿಯಲ್ಲಿ ಒಂದು ಪ್ರಶ್ನೆ ಕೇಳಲಿ: ಇದರ ಅಭ್ರಕ ಎಲ್ಲಿಯದು? ಅಂಗಡಿಯವನಿಗೆ ಗೊತ್ತಿರಲಿಕ್ಕಿಲ್ಲ. ಆದರೆ ಹತ್ತು ಜನ ಕೇಳಿದ ಪ್ರಶ್ನೆಯನ್ನು ಅವನು ಸರಬರಾಜುದಾರನಿಗೆ ಕೇಳುತ್ತಾನೆ. ಅಂಚೆ ಕಾರ್ಡಿನಲ್ಲಿಯೋ ಮಿಂಚಂಚೆಯಲ್ಲಿಯೋ ಕಂಪನಿಗೇ ನೇರವಾಗಿ ಬರೆದು ಕೇಳುವ ಅವಕಾಶವೂ ಇದೆ.

ಶಾಲೆಯ ವಾರ್ಷಿಕೋತ್ಸವಕ್ಕೆ ಬಣ್ಣ ಹಚ್ಚಿಕೊಂಡು ನಿಲ್ಲುವ ಹನ್ನೆರಡು ವರ್ಷದ ಹುಡುಗಿಗೂ, ಗಿರಿಡೀಹಿನ ಗುಡ್ಡದಲ್ಲಿ ಬುಟ್ಟಿ ಹಿಡಿದು ಕುಳಿತ ಹುಡುಗಿಗೂ ವಯಸ್ಸು ಒಂದೇ. ಇಬ್ಬರ ಬೆರಳ ತುದಿಗೂ ಅಂಟಿರುವುದು ಒಂದೇ ಕಾಗೆಬಂಗಾರ. ರೆಪ್ಪೆಯ ಮೇಲೆ ಬೆರಳು ಒತ್ತುವಾಗ ಆ ಎರಡನೆಯ ಹುಡುಗಿಯ ನೆನಪು ಇದ್ದರೆ, ಪುಡಿಯನ್ನು ಕೆನ್ನೆಗೆ ಉದುರಿಸಿ ಪೋಲು ಮಾಡಲು ಯಾರಿಗೂ ಮನಸ್ಸಾಗದು. ಬರುವ ಜಾತ್ರೆಯ ಹೊತ್ತಿಗೆ ಈ ಊರಿನ ಚೌಕಿಯಿಂದಲೇ ಆ ಎಚ್ಚರ ಆರಂಭವಾಗಲಿ.